ಅಂಗಡಿಯೂ ಹೊತ್ತಗೆಯೂ: ಬನಾರಸೀದಾಸನ 'ಅರ್ಧಕಥಾನಕ' ಎತ್ತುವ ಒಂದು ಪ್ರಶ್ನೆ

ಜೈನ ಗೃಹಸ್ಥ ಕವಿಗಳ ಜೀವನವೃತ್ತವನ್ನು ಅರಿಯಲು ಸಾಮಾನ್ಯವಾಗಿ ದೊರೆಯುವ ಸಾಧನಗಳು ಎರಡು: ಗ್ರಂಥದ ಆದಿಯ ಪೀಠಿಕಾಪದ್ಯಗಳು ಮತ್ತು ಅಂತ್ಯದ ಪ್ರಶಸ್ತಿ. ಇವುಗಳಿಂದ ಕವಿಯ ಕುಲ, ಗುರುಪರಂಪರೆ, ಆಶ್ರಯದಾತ, ರಚನಾಕಾಲಗಳು ತಿಳಿದುಬರುತ್ತವೆ. ಆದರೆ ಕವಿ ಯಾವ ವೃತ್ತಿಯಿಂದ ಉಂಡನು, ಕಾವ್ಯಕ್ಕಾಗಿ ಏನನ್ನು ತೊರೆದನು, ಏನನ್ನು ತೊರೆಯಲಾರದೆ ಹೋದನು ಎಂಬುದು ಪ್ರಶಸ್ತಿಗಳಿಂದ ತಿಳಿಯುವುದಿಲ್ಲ. ಈ ಕೊರತೆಯನ್ನು ತುಂಬುವ ಅಪೂರ್ವ ಕೃತಿ ಆಗ್ರಾದ ಕವಿ ಬನಾರಸೀದಾಸನ 'ಅರ್ಧಕಥಾನಕ'. ವಿಕ್ರಮ ಸಂವತ್ 1698ರ ಮಾರ್ಗಶಿರ ಮಾಸದಲ್ಲಿ, ಎಂದರೆ ಕ್ರಿ.ಶ. 1641ರಲ್ಲಿ, ತನ್ನ 55ನೆಯ ವಯಸ್ಸಿನಲ್ಲಿ ಕವಿ ಇದನ್ನು ಮುಗಿಸಿದನು. ಮನುಷ್ಯನ ಪೂರ್ಣಾಯುಷ್ಯ 110 ವರ್ಷಗಳೆಂಬ ಗಣನೆಯಿಂದ ಇದು ಅರ್ಧ ಆಯುಷ್ಯದ ಕಥೆಯಾಯಿತು. ಹೆಸರೂ ಅದರಿಂದಲೇ ಬಂದಿತು. ಮಧ್ಯದೇಶದ ಆಡುನುಡಿಯಲ್ಲಿ, ಬಹುಮಟ್ಟಿಗೆ ದೋಹಾ ಮತ್ತು ಚೌಪಾಈ ಛಂದಸ್ಸುಗಳಲ್ಲಿ ರಚಿತವಾದ ಇದರ ಪದ್ಯಸಂಖ್ಯೆ 675.

ಈ ಕೃತಿಯನ್ನು ಮೊಗಲ ಕಾಲದ ವರ್ತಕಜೀವನದ ಆಕರವೆಂದು ಇತಿಹಾಸಕಾರರು ಬಹಳವಾಗಿ ಬಳಸಿಕೊಂಡಿದ್ದಾರೆ. ಅಧ್ಯಾತ್ಮಪಂಥದ ಚರಿತ್ರೆಗೆ ಇದು ಮೂಲವೆಂಬುದೂ ವಿದ್ವಾಂಸರಿಗೆ ತಿಳಿದ ವಿಷಯವೇ. ಆದರೆ ಈ ಎರಡು ಉಪಯೋಗಗಳ ನಡುವೆ ಒಂದು ಪ್ರಶ್ನೆ ಅಷ್ಟಾಗಿ ಚರ್ಚೆಗೆ ಬಾರದೆ ಉಳಿದಿದೆ. ವಣಿಕ್ಕುಲದಲ್ಲಿ ಹುಟ್ಟಿ, ಕುಲದ ಏಕಮಾತ್ರ ಪುತ್ರನಾಗಿ, ಅಂಗಡಿಯಲ್ಲಿ ಕುಳಿತುಕೊಳ್ಳಬೇಕಾದವನು ಕಾವ್ಯವನ್ನು ಮೆಚ್ಚಿದರೆ ಏನಾಗುತ್ತದೆ? ಬನಾರಸೀದಾಸನು ಮೊದಲು ಕಾವ್ಯವನ್ನು ಹಿಡಿದು, ಬಳಿಕ ಅದನ್ನು ಗೋಮತೀ ನದಿಗೆ ಎಸೆದು, ವ್ಯಾಪಾರಕ್ಕೆ ಹಿಂದಿರುಗಿದನೆಂದು ಸ್ಥೂಲವಾಗಿ ಹೇಳುವ ವಾಡಿಕೆಯುಂಟು. ಕೃತಿಯನ್ನು ಕ್ರಮವಾಗಿ ಓದಿದರೆ ಈ ಹೇಳಿಕೆ ನಿಲ್ಲುವುದಿಲ್ಲ.

1. ಕುಲ ಮತ್ತು ಅಕ್ಷರ

ಕವಿಯ ವಂಶ ಶ್ರೀಮಾಲ, ಗೋತ್ರ ಬಿಹೋಲಿಯಾ. ಪಿತಾಮಹ ಮೂಲದಾಸನು ಹಿಂದವಿ ಮತ್ತು ಪಾರಸಿಗಳನ್ನು ಬಲ್ಲವನಾಗಿದ್ದು ಮಾಳವದ ನರವರದಲ್ಲಿ ಒಬ್ಬ ಮೊಗಲ ಜಾಗೀರದಾರನ ಮೋದಿಯಾಗಿದ್ದನು. ವಿ.ಸಂ. 1613ರಲ್ಲಿ ಅವನು ತೀರಿಕೊಂಡಾಗ ಆ ಅಧಿಕಾರಿಯು ಮನೆಮಾರುಗಳನ್ನೆಲ್ಲ ವಶಪಡಿಸಿಕೊಂಡನು. ವಿಧವೆಯು ಎಳೆಯ ಮಗ ಖರಗಸೇನನನ್ನು ಕರೆದುಕೊಂಡು ಜೌನಪುರದ ತವರುಮನೆಯನ್ನು ಸೇರಬೇಕಾಯಿತು. ಖರಗಸೇನನು ಎಂಟನೆಯ ವಯಸ್ಸಿನಿಂದಲೇ ಲೆಕ್ಕಪತ್ರವನ್ನೂ ಬೆಳ್ಳಿಬಂಗಾರದ ಪರೀಕ್ಷೆಯನ್ನೂ ಕಲಿತು, ಬಂಗಾಳದಲ್ಲಿ ಸುಲೈಮಾನ್ ಕರ್ರಾನಿಯ ಆಡಳಿತದಲ್ಲಿ ಪೋತದಾರನಾಗಿ ದುಡಿದು, ಬಳಿಕ ರತ್ನವ್ಯಾಪಾರದಲ್ಲಿ ನೆಲೆನಿಂತನು.

ಇಲ್ಲಿ ಗಮನಿಸಬೇಕಾದುದು ಇಷ್ಟು. ಈ ಮನೆತನಕ್ಕೆ ಅಕ್ಷರವು ಅಪರಿಚಿತವಾಗಿರಲಿಲ್ಲ. ಎರಡು ತಲೆಮಾರುಗಳೂ ಅಕ್ಷರದಿಂದಲೇ ಬದುಕಿದವು. ಆದರೆ ಆ ಅಕ್ಷರ ವಹಿಯ ಅಕ್ಷರ, ಲೆಕ್ಕದ ಅಕ್ಷರ. ಅದಕ್ಕೆ ಮೀರಿದ ವಿದ್ಯೆ ಆ ಮನೆಯಲ್ಲಿ ಇರಲಿಲ್ಲ, ಬೇಕೆಂಬ ಅಪೇಕ್ಷೆಯೂ ಇರಲಿಲ್ಲ. ಒಬ್ಬ ಅಧಿಕಾರಿಯ ಒಂದು ಆಜ್ಞೆಯಿಂದ ಸರ್ವಸ್ವವೂ ಹೋದುದನ್ನು ಬಾಲ್ಯದಲ್ಲಿಯೇ ಕಂಡ ಖರಗಸೇನನಿಗೆ ಸಂಪಾದನೆಯ ಭದ್ರತೆ ಎಂಬುದು ಬರಿಯ ಲೋಭದ ಮಾತಾಗಿರಲಿಲ್ಲ.

ಬನಾರಸೀದಾಸನು ವಿ.ಸಂ. 1643ರ ಮಾಘದಲ್ಲಿ, ಎಂದರೆ ಕ್ರಿ.ಶ. 1586-87ರಲ್ಲಿ, ಜೌನಪುರದಲ್ಲಿ ಜನಿಸಿದನು. ಎಂಟನೆಯ ವಯಸ್ಸಿನಲ್ಲಿ ಚಟಶಾಲೆಗೆ ಸೇರಿ ಒಂದು ವರ್ಷದಲ್ಲಿ ಓದುಬರಹ ಕಲಿತನು. ಹನ್ನೊಂದನೆಯ ವಯಸ್ಸಿನಲ್ಲಿ ಖೈರಾಬಾದಿನಲ್ಲಿ ವಿವಾಹವಾಯಿತು. ಮರುವರ್ಷ ನವಾಬ ಕಿಲೀಚ ಖಾನನು ಜೌನಪುರದ ರತ್ನವ್ಯಾಪಾರಿಗಳನ್ನು ಹಿಡಿಸಿ, ಹೊಡೆಸಿ, ಬಿಟ್ಟನು. ವ್ಯಾಪಾರಿಗಳೆಲ್ಲ ಊರು ಬಿಟ್ಟು ಚದುರಿದರು. ಖರಗಸೇನನ ಸಂಸಾರ ಶಹಜಾದಪುರದಲ್ಲಿ ಆಶ್ರಯ ಪಡೆಯಿತು. ತಂದೆ ಅಲಾಹಾಬಾದಿಗೆ ಹೋಗಿದ್ದಾಗ ಆ ಹುಡುಗನು ಕವಡೆಗಳ ಕ್ರಯವಿಕ್ರಯ ಮಾಡಿ ಒಂದೆರಡು ಟಕಾ ಗಳಿಸಿ ತಂದನು. ಅಜ್ಜಿ ಆ ಮೊದಲ ಗಳಿಕೆಗೆ ಸಿಹಿ ಹಂಚಿದಳು. ಆ ಮನೆಯಲ್ಲಿ ಮೊಮ್ಮಗನ ಯಾವ ಪದ್ಯಕ್ಕೂ ಸಿಹಿ ಹಂಚಿದ ಉಲ್ಲೇಖ ಮುಂದೆ ಬರುವುದಿಲ್ಲ.

2. ವಿದ್ಯಾಭ್ಯಾಸ ಮತ್ತು ಹಿರಿಯರ ಹಿತವಚನ

ಹದಿನಾಲ್ಕನೆಯ ವಯಸ್ಸಿನಲ್ಲಿ ಪಂಡಿತ ದೇವದತ್ತನಲ್ಲಿ ನಾಮಮಾಲಾ, ಅನೇಕಾರ್ಥ, ಜ್ಯೋತಿಷ, ಅಲಂಕಾರ, ಲಘುಕೋಕಗಳ ಅಭ್ಯಾಸ ನಡೆಯಿತು. ನಾಮಮಾಲೆಯ ಕರ್ತೃ ಧನಂಜಯನು ಸ್ವತಃ ಗೃಹಸ್ಥನೆಂಬುದು ಪರಂಪರೆಯ ಮಾತು. ಗೃಹಸ್ಥಕವಿಯ ಕೋಶದಿಂದ ಇನ್ನೊಬ್ಬ ಗೃಹಸ್ಥಕವಿಯ ವಿದ್ಯೆ ಆರಂಭವಾದುದು ಸ್ಮರಣೀಯ. ಬಳಿಕ ಖರತರಗಚ್ಛದ ಅಭಯಧರ್ಮ ಉಪಾಧ್ಯಾಯರ ಶಿಷ್ಯ ಭಾನುಚಂದ್ರರು ಜೌನಪುರಕ್ಕೆ ಬಂದಾಗ ಅವರಲ್ಲಿ ವ್ಯಾಕರಣದ ಪಂಚಸಂಧಿ, ಶ್ರುತಬೋಧ, ಪ್ರತಿಕ್ರಮಣಾದಿಗಳನ್ನು ಕಲಿತನು. ಇದೇ ಕಾಲದಲ್ಲಿ ಯೌವನದ ಪ್ರೇಮಾಸಕ್ತಿಯೂ ತಲೆದೋರಿತು. ಎರಡರ ಫಲವಾಗಿ ಒಂದು ಸಾವಿರ ದೋಹಾ ಚೌಪಾಈಗಳ, ನವರಸಗಳನ್ನು ಹೇಳುವ ಆದರೆ ಶೃಂಗಾರವೇ ಪ್ರಧಾನವಾದ, ಒಂದು ಹೊತ್ತಗೆ ಸಿದ್ಧವಾಯಿತು.

ಆಗ ಗುರುಹಿರಿಯರು ಹೇಳಿದ ಬುದ್ಧಿಮಾತನ್ನು ಕವಿ ದಾಖಲಿಸಿದ್ದಾನೆ. ಅದರ ತಾತ್ಪರ್ಯವಿದು: ಹೆಚ್ಚಿನ ಓದು ಬ್ರಾಹ್ಮಣರಿಗೂ ಭಟ್ಟರಿಗೂ ಸಲ್ಲತಕ್ಕದ್ದು, ವಣಿಕ್ಪುತ್ರನ ಸ್ಥಾನ ಅಂಗಡಿ, ಬಹಳ ಓದಿದವನು ಕೊನೆಗೆ ಭಿಕ್ಷೆಯ ಪಾಲಾಗುತ್ತಾನೆ. ಈ ಮಾತನ್ನು ವಿದ್ಯಾದ್ವೇಷವೆಂದು ತಳ್ಳಿಹಾಕುವುದು ಸುಲಭ. ಆದರೆ ಅದು ನ್ಯಾಯವಲ್ಲ. ಬ್ರಾಹ್ಮಣನು ದಾನಕ್ಕೆ ಪಾತ್ರ, ಭಟ್ಟನು ರಾಜಸ್ತುತಿಯಿಂದ ಜೀವಿಸುವವನು. ಇಬ್ಬರ ವಿದ್ಯೆಗೂ ಸಮಾಜದಲ್ಲಿ ಗೊತ್ತಾದ ಪೋಷಣೆಯಿತ್ತು. ಶ್ರಾವಕನಾದ ವರ್ತಕನು ದಾನ ಕೊಡುವವನೇ ಹೊರತು ತೆಗೆದುಕೊಳ್ಳುವವನಲ್ಲ. ಅವನು ಕಾವ್ಯದಿಂದ ಜೀವಿಸಹೊರಟರೆ ಪರರ ಕೈ ನೋಡಬೇಕು. ಹಿರಿಯರು ಅಂಜಿದ್ದು ಈ ಪರಾಧೀನತೆಗೆ. ಕಾವ್ಯ ಕೆಟ್ಟದ್ದೆಂದು ಅವರು ಹೇಳಲಿಲ್ಲ, ಅದಕ್ಕೆ ಅನ್ನವಿಲ್ಲವೆಂದರು. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನ ಘಟನೆಯನ್ನು ನೋಡಬೇಕು.

3. ಗೋಮತಿಗೆ ಬಿದ್ದ ಹೊತ್ತಗೆ

ವಿ.ಸಂ. 1662ರಲ್ಲಿ, ಕ್ರಿ.ಶ. 1605ರಲ್ಲಿ, ಅಕ್ಬರನು ಮರಣ ಹೊಂದಿದ ಸುದ್ದಿ ಜೌನಪುರವನ್ನು ತಲುಪಿತು. ಮೆಟ್ಟಿಲ ಮೇಲೆ ಕುಳಿತಿದ್ದ ಬನಾರಸೀದಾಸನು ಕೇಳಿದೊಡನೆ ಮೂರ್ಛಿತನಾಗಿ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡನು. ಪಟ್ಟಣದಲ್ಲಿ ಜನರು ಹಣವನ್ನು ಹೂಳಿಟ್ಟು, ಒರಟು ಬಟ್ಟೆ ಉಟ್ಟು, ಹತ್ತು ದಿನ ಭಯದಲ್ಲಿ ಕಳೆದರು. ಚೇತರಿಸಿಕೊಂಡ ಬಳಿಕ ಅವನು ಅದುವರೆಗೆ ಪೂಜಿಸುತ್ತಿದ್ದ ಶಂಖವು ತನ್ನನ್ನು ಕಾಯಲಿಲ್ಲವೆಂದು ಆ ಪೂಜೆಯನ್ನು ಬಿಟ್ಟನು. ಅನಂತರ ಒಂದು ದಿನ ಮಿತ್ರರೊಡನೆ ಗೋಮತಿಯ ಸೇತುವೆಯ ಮೇಲೆ ಕುಳಿತು ತನ್ನ ನವರಸದ ಹೊತ್ತಗೆಯನ್ನು ಓದುತ್ತಿದ್ದಾಗ ಮನಸ್ಸಿನಲ್ಲಿ ವಿಚಾರವೊಂದು ಮೂಡಿತು: ಒಂದು ಸುಳ್ಳನ್ನು ಆಡಿದವನೂ ಪಾಪಕ್ಕೆ ಗುರಿಯಾಗುವುದಾದರೆ ಇಷ್ಟೊಂದು ಕಲ್ಪಿತವನ್ನು ಬರೆದವನ ಗತಿಯೇನು? ಕೂಡಲೇ ಹೊತ್ತಗೆಯನ್ನು ನದಿಗೆ ಎಸೆದನು. ಮಿತ್ರರು ಹಾಹಾಕಾರ ಮಾಡಿದರು, ಬಿಡಿ ಹಾಳೆಗಳು ನೀರಿನಲ್ಲಿ ಚದುರಿಹೋದವು, ಯಾರಿಂದಲೂ ಕೂಡಿಸಲಾಗಲಿಲ್ಲ. ವಿಷಯ ತಿಳಿದ ಖರಗಸೇನನು ಸಂತೋಷಪಟ್ಟನು.

ಈ ಪ್ರಸಂಗವನ್ನು ಹಿರಿಯರ ಹಿತವಚನಕ್ಕೆ ಸಂದ ಜಯವೆಂದು ಓದುವುದುಂಟು. ಅದಕ್ಕೆ ಮೂರು ಆಕ್ಷೇಪಗಳಿವೆ. ಮೊದಲನೆಯದು, ಹೊತ್ತಗೆಯನ್ನು ಎಸೆಯಲು ಕವಿ ಕೊಡುವ ಕಾರಣ ಅಸತ್ಯದೋಷ; ದಾರಿದ್ರ್ಯಭಯವಲ್ಲ. ಹಿರಿಯರು ಹೇಳಿದ್ದು ಅರ್ಥದ ಮಾತು, ಕವಿ ಕೈಗೊಂಡದ್ದು ಸತ್ಯಾಣುವ್ರತದ ಮಾತು. ಎರಡನೆಯದು, ಎಸೆದದ್ದು ಒಂದು ಕಾವ್ಯವನ್ನು, ಕಾವ್ಯರಚನೆಯನ್ನಲ್ಲ. ಮುಂದೆ ವಿ.ಸಂ. 1670ರಲ್ಲಿ ಮಿತ್ರ ನರೋತ್ತಮದಾಸನ ಪ್ರೇರಣೆಯಿಂದ ಭಾಷಾ ನಾಮಮಾಲೆ ಬಂದಿತು. ಅಜಿತನಾಥನ ಛಂದಗಳು ಬಂದವು. ಮೂರನೆಯದು, ತಂದೆಯ ಸಂತೋಷಕ್ಕೂ ಮಗನ ನಿರ್ಧಾರಕ್ಕೂ ಕಾರಣ ಒಂದೇ ಅಲ್ಲ. ಮನೆ ಉಳಿಯಿತೆಂದು ತಂದೆಗೆ ಹರ್ಷ. ಮಗನಾದರೋ ಉಳಿಸಿಕೊಂಡದ್ದು ತನ್ನ ವಾಕ್ಕನ್ನು. ಒಂದೇ ಕ್ರಿಯೆಯನ್ನು ಇಬ್ಬರೂ ತಮ್ಮ ತಮ್ಮ ಕಡೆಗೆ ಜಮೆ ಹಿಡಿದರು.

4. ಅಂಗಡಿಯ ಪರೀಕ್ಷೆ

ವಿ.ಸಂ. 1667ರಲ್ಲಿ ಖರಗಸೇನನು ಸರಕುಗಳ ಪಟ್ಟಿ ಬರೆದು ಮಗನ ಕೈಗಿತ್ತು, ಇನ್ನು ಮನೆಯ ಭಾರ ನಿನ್ನದೆಂದು ಆಗ್ರಾಕ್ಕೆ ಕಳುಹಿಸಿದನು. ಮಾಣಿಕ್ಯ, ಪಚ್ಚೆ, ನೀಲ ಮುಂತಾದ ರತ್ನಗಳು, 20 ಮಣ ತುಪ್ಪ, ಎರಡು ಕುಪ್ಪೆ ಎಣ್ಣೆ, ಜೌನಪುರದ ಬಟ್ಟೆ, ಇವು ಆ ಸರಕು. ಹಾದಿಯಲ್ಲಿ ಇಟಾವಾದ ಬಳಿ ಮಳೆಗೆ ಸಿಕ್ಕಿ, ಎಲ್ಲಿಯೂ ನೆಲೆ ದೊರೆಯದೆ, ಕಾವಲುಗಾರರ ಗುಡಿಸಲಿನಲ್ಲಿ ಒಬ್ಬನ ಮಂಚದ ಕೆಳಗೆ ಮಲಗಿ ರಾತ್ರಿ ಕಳೆಯಬೇಕಾಯಿತು. ಆಗ್ರಾದಲ್ಲಿ ಆದುದು ನಷ್ಟದ ಮೇಲೆ ನಷ್ಟ. ಇಜಾರದ ಲಾಡಿಯಲ್ಲಿ ಕಟ್ಟಿದ್ದ ರತ್ನಗಳು ಎಲ್ಲಿಯೋ ಬಿದ್ದುಹೋದವು. ಎಲೆಯಲ್ಲಿ ಸುತ್ತಿಟ್ಟಿದ್ದ ಮಾಣಿಕ್ಯಗಳನ್ನು ಇಲಿ ಒಯ್ದಿತು. ಸಾಲಕ್ಕೆ ಕೊಟ್ಟ ಒಡವೆಯನ್ನು ಕೊಂಡವನು ದಿವಾಳಿಯಾದನು. ಜ್ವರವೂ ಬಂದಿತು. ಕೊನೆಗೆ ಮನೆಯ ಸಾಮಾನುಗಳನ್ನೇ ಮಾರಿ ಉಣ್ಣುವ ಸ್ಥಿತಿ ಒದಗಿತು.

ಆ ದಿನಗಳಲ್ಲಿ ಅವನು ಸಂಜೆಯ ವೇಳೆ 'ಮಧುಮಾಲತಿ' ಮತ್ತು 'ಮೃಗಾವತಿ' ಎಂಬ ಎರಡು ಪ್ರೇಮಕಾವ್ಯಗಳನ್ನು ಮನೆಯಲ್ಲಿ ಓದುತ್ತಿದ್ದನು. ಹತ್ತಿಪ್ಪತ್ತು ಜನ ಕೇಳಲು ಬರುತ್ತಿದ್ದರು. ಅವರಲ್ಲೊಬ್ಬನು ಕಚೌರಿ ಮಾರುವವನು. ಅವನಲ್ಲಿ ಕಚೌರಿಯನ್ನು ಸಾಲವಾಗಿ ತಂದು ತಿನ್ನುವುದು ನಡೆದಿತ್ತು. ಒಂದು ದಿನ ಬನಾರಸೀದಾಸನು ತನ್ನಲ್ಲಿ ಏನೂ ಉಳಿದಿಲ್ಲವೆಂದೂ ಇನ್ನು ಮುಂದೆ ಸಾಲ ಕೊಡಬಾರದೆಂದೂ ತಾನಾಗಿಯೇ ಏಕಾಂತದಲ್ಲಿ ತಿಳಿಸಿದನು. ಆ ಮಾರಾಟಗಾರನು 20 ರೂಪಾಯಿಗಳವರೆಗೂ ಸಾಲ ಮುಂದುವರಿಯಬಹುದೆಂದನು. ಆರೇಳು ತಿಂಗಳ ಬಳಿಕ ಲೆಕ್ಕ ನೋಡಿದಾಗ 14 ರೂಪಾಯಿ ಆಗಿತ್ತು. ಅದನ್ನು ಮುಂದೆ ತೀರಿಸಿದನು.

ಹಿರಿಯರ ಭವಿಷ್ಯವಾಣಿಯನ್ನು ಪರೀಕ್ಷಿಸಲು ಇದಕ್ಕಿಂತ ಉತ್ತಮವಾದ ಸಂದರ್ಭ ಕೃತಿಯಲ್ಲಿ ಮತ್ತೊಂದಿಲ್ಲ. ಭಿಕ್ಷೆಯ ಅಂಚಿಗೆ ಅವನನ್ನು ತಂದದ್ದು ಓದಲ್ಲ, ವ್ಯಾಪಾರ. ಆ ಅಂಚಿನಲ್ಲಿ ಅವನನ್ನು ಹಿಡಿದು ನಿಲ್ಲಿಸಿದ್ದು ಹೊತ್ತಗೆಯನ್ನು ಕೇಳಲು ಬಂದವನ ವಿಶ್ವಾಸ. ಆದರೂ ಕವಿ ಇದರಿಂದ ಅತಿಯಾದ ನಿರ್ಣಯಕ್ಕೆ ಬರುವುದಿಲ್ಲ. ಕಾವ್ಯವಾಚನವನ್ನು ಅವನು ವೃತ್ತಿಯಾಗಿಸಿಕೊಳ್ಳಲಿಲ್ಲ. ಕೇಳುಗನ ಸಾಲವನ್ನು ದಕ್ಷಿಣೆಯೆಂದು ಎಣಿಸದೆ ಸಾಲವೆಂದೇ ಬರೆದುಕೊಂಡನು. ಹಿರಿಯರ ಮಾತಿನ ಒಂದು ಅಂಶ, ಎಂದರೆ ಪರರ ಕೈ ನೋಡಬಾರದೆಂಬುದು, ಅವನ ಮನಸ್ಸಿನಲ್ಲಿ ಊರಿದ್ದಿತೆಂಬುದಕ್ಕೆ ಇದು ಸಾಕ್ಷಿ.

ಬಳಿಕ ಬಂಧುವೊಬ್ಬನ ನೆರವಿನಿಂದ ಧರಮದಾಸನೊಡನೆ ಪಾಲುಗಾರಿಕೆ ಕೂಡಿತು. ಎರಡು ವರ್ಷ ರತ್ನಗಳನ್ನು ಮಾರಿ ಲೆಕ್ಕ ನೋಡಿದಾಗ ಗಳಿಕೆಯೂ ವೆಚ್ಚವೂ ಸರಿಸಮನಾಗಿದ್ದವು. ಖೈರಾಬಾದಿಗೆ ಹೋದಾಗ ಹೆಂಡತಿ ಕೂಡಿಟ್ಟಿದ್ದ 20 ರೂಪಾಯಿಗಳನ್ನು ತೆಗೆದುಕೊಟ್ಟಳು. ಅವಳ ತಾಯಿ ಗುಟ್ಟಾಗಿ 200 ರೂಪಾಯಿ ಕೊಟ್ಟಳು. ವರ್ತಕನ ಸ್ವಾವಲಂಬನೆ ಎಂಬುದೂ ಎಷ್ಟರಮಟ್ಟಿನದೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

5. ಅಧಿಕಾರಿಯ ಆಶ್ರಯ ಮತ್ತು ಧನಿಕನ ಸಭೆ

ಅಂಗಡಿಗೂ ಭಿಕ್ಷೆಗೂ ನಡುವೆ ಮೂರನೆಯ ದಾರಿಯೊಂದಿತ್ತು. ಅದು ಅಧಿಕಾರಿಗಳ ಆಶ್ರಯ. ಜೌನಪುರದ ಅಧಿಪತಿಯಾಗಿ ಬಂದ ಚೀನ್ ಕಿಲೀಚನು, ಹಿಂದೆ ರತ್ನವ್ಯಾಪಾರಿಗಳನ್ನು ಹೊಡೆಸಿದ ಕಿಲೀಚ ಖಾನನ ಮಗನೇ, ಬನಾರಸೀದಾಸನಿಗೆ ಉಡುಗೊರೆಯಿತ್ತು ಅವನಲ್ಲಿ ನಾಮಮಾಲೆಯನ್ನೂ ಶ್ರುತಬೋಧವನ್ನೂ ಛಂದಸ್ಸನ್ನೂ ಅಭ್ಯಾಸ ಮಾಡಿದನು. ತಂದೆಗೆ ವರ್ತಕರ ರತ್ನಗಳು ಬೇಕಾಗಿದ್ದವು. ಮಗನಿಗೆ ವರ್ತಕಪುತ್ರನ ವಿದ್ಯೆ ಬೇಕಾಯಿತು. ವಿ.ಸಂ. 1672ರಲ್ಲಿ ಆ ಅಧಿಪತಿ ಕಾಲವಶನಾದನು. ಆಶ್ರಯವೂ ಅಲ್ಲಿಗೆ ಮುಗಿಯಿತು. ಕವಿ ಅನ್ಯ ಅಧಿಕಾರಿಯನ್ನು ಅರಸಿ ಹೋಗಲಿಲ್ಲ.

ವಿದ್ಯೆ ಇನ್ನೊಮ್ಮೆಯೂ ಕೆಲಸಕ್ಕೆ ಬಂದಿತು. ಪ್ರಯಾಣದಲ್ಲಿ ಹಾದಿ ತಪ್ಪಿ ಕಳ್ಳರ ಊರನ್ನು ಹೊಕ್ಕಾಗ ಅವನು ಸಂಸ್ಕೃತ ಶ್ಲೋಕದಿಂದ ಚೌಧರಿಯನ್ನು ಆಶೀರ್ವದಿಸಿದನು. ಆ ರಾತ್ರಿ ಮೂವರು ಪ್ರಯಾಣಿಕರೂ ನೂಲಿನಿಂದ ಯಜ್ಞೋಪವೀತ ಹೊಸೆದು ಧರಿಸಿ, ಹಣೆಗೆ ತಿಲಕವಿಟ್ಟು, ಬ್ರಾಹ್ಮಣವೇಷದಿಂದ ಪಾರಾದರು. ಬ್ರಾಹ್ಮಣರಿಗೆ ಸಲ್ಲತಕ್ಕದ್ದೆಂದು ಹಿರಿಯರು ಹೇಳಿದ ವಿದ್ಯೆ ವಣಿಕ್ಪುತ್ರನ ಪ್ರಾಣವನ್ನೂ ಸರಕನ್ನೂ ಕಾಯಿತು.

ಇದಕ್ಕೆ ವಿರುದ್ಧವಾದ ಚಿತ್ರವೊಂದು ಆಗ್ರಾದ್ದು. ನರೋತ್ತಮದಾಸ ಮತ್ತು ಬನಾರಸೀದಾಸರ ಪಾಲುಗಾರಿಕೆಗೆ ಬಂಡವಾಳ ಹೂಡಿದ್ದ ಸಬಲಸಿಂಗ ಮೋಠಿಯಾ ಎಂಬ ಮಹಾಧನಿಕನಿಂದ ಲೆಕ್ಕ ತೀರಿಸಿಕೊಳ್ಳಲು ಕವಿ ದಿನದಿನವೂ ಅವನ ಮನೆಗೆ ಹೋಗಬೇಕಾಯಿತು. ಸಬಲಸಿಂಗನು ಗಾಯಕರ, ವಾದ್ಯಗಾರರ, ಸ್ತುತಿಪಾಠಕರ ನಡುವೆ ಹಗಲಿರುಳೆನ್ನದೆ ಮಗ್ನನಾಗಿರುತ್ತಿದ್ದನು. ಲೆಕ್ಕ ನಾಳೆಗೆ ಹೋಗುತ್ತಿತ್ತು. ಕಲೆಯನ್ನು ಕೊಂಡುಕೊಳ್ಳಬಲ್ಲವನ ಮನೆಯ ಹೊಸ್ತಿಲಲ್ಲಿ, ಕಲೆಯನ್ನು ಬಲ್ಲವನು ವಹಿ ಹಿಡಿದು ಕಾದು ನಿಂತನು. ಕೊನೆಗೆ ಸಬಲಸಿಂಗನ ಬಂಧು ಅಂಗಾ ಸಾಹನ ನೆರವಿನಿಂದ ಲೆಕ್ಕ ತೀರಿತು. ವಿ.ಸಂ. 1673ರಲ್ಲಿ ತಂದೆ ತೀರಿಕೊಂಡನು. ಅದೇ ಕಾಲದಲ್ಲಿ ಆಗ್ರಾದಲ್ಲಿ ಗಡ್ಡೆಯ ಮಹಾಮಾರಿ ಹಬ್ಬಿ, ಇಲಿಗಳೂ ಮನುಷ್ಯರೂ ಸಾಯತೊಡಗಲು, ಕವಿ ನಗರವನ್ನು ಬಿಟ್ಟು ಹಳ್ಳಿಯನ್ನು ಸೇರಿದನು. ಭದ್ರವೆಂದು ಹಿರಿಯರು ತೋರಿಸಿದ ವೃತ್ತಿಯಲ್ಲಿ ಭದ್ರತೆ ಎಷ್ಟಿತ್ತೆಂಬುದನ್ನು ಈ ಮೂವತ್ತು ವರ್ಷಗಳ ವೃತ್ತಾಂತವೇ ಹೇಳುತ್ತದೆ.

6. ಆಗ್ರಾದಲ್ಲಿ ಗೊಮ್ಮಟಸಾರ

ವಿ.ಸಂ. 1680ರಲ್ಲಿ ಅರಥಮಲ ಢೋರನು ಪಾಂಡೆ ರಾಜಮಲ್ಲನ ಭಾಷಾಟೀಕೆಯೊಡನೆ ಸಮಯಸಾರದ ಪ್ರತಿಯನ್ನು ಬನಾರಸೀದಾಸನಿಗೆ ಕೊಟ್ಟು ಓದಹೇಳಿದನು. ಕುಂದಕುಂದಾಚಾರ್ಯರ ಗಾಥೆಗಳ ಮೇಲೆ ಅಮೃತಚಂದ್ರಸೂರಿಗಳು ರಚಿಸಿದ ಕಲಶಗಳು, ಅವುಗಳ ಮೇಲೆ ರಾಜಮಲ್ಲನ ಬಾಲಬೋಧ, ಹೀಗೆ ಮೂಲವು ಮೂರು ಪದರಗಳಲ್ಲಿ ಅವನನ್ನು ತಲುಪಿತು. ಓದಿನ ಮೊದಲ ಪರಿಣಾಮ ವಿಪರೀತವಾಯಿತು. ಶುದ್ಧನಿಶ್ಚಯವನ್ನು ಏಕಾಂತವಾಗಿ ಹಿಡಿದು ವ್ಯವಹಾರವನ್ನೆಲ್ಲ ನಿರರ್ಥಕವೆಂದು ತೊರೆದನು. ಮೂವರು ಮಿತ್ರರೊಡನೆ ಕೋಣೆಯಲ್ಲಿ ವಸ್ತ್ರ ಕಳಚಿ ಮುನಿಗಳಾದೆವೆಂದು ಪರಿಹಾಸ ಮಾಡುವವರೆಗೂ ಹೋಯಿತು. ಜ್ಞಾನಪಚೀಸೀ, ಧ್ಯಾನಬತ್ತೀಸೀ ಮುಂತಾದ ಕೃತಿಗಳು ಈ ಕಾಲದವು. ಲೋಕನಿಂದೆಯೂ ಬಂದಿತು.

ವಿ.ಸಂ. 1692ರಲ್ಲಿ, ಕ್ರಿ.ಶ. 1635ರಲ್ಲಿ, ಪಾಂಡೆ ರೂಪಚಂದನು ಆಗ್ರಾಕ್ಕೆ ಬಂದು ತಿಹುನಾ ಸಾಹುವು ಕಟ್ಟಿಸಿದ ಬಸದಿಯಲ್ಲಿಳಿದು ಗೊಮ್ಮಟಸಾರವನ್ನು ವ್ಯಾಖ್ಯಾನಿಸಿದನು. ಗುಣಸ್ಥಾನಗಳ ಕ್ರಮದಲ್ಲಿ ಜ್ಞಾನಕ್ಕೂ ಕ್ರಿಯೆಗೂ ಇರುವ ಸಂಬಂಧವನ್ನು ಅವನು ವಿವರಿಸಿದಾಗ ಬನಾರಸೀದಾಸನ ಸಂಶಯಗಳು ಪರಿಹಾರವಾದವು. ಸ್ಯಾದ್ವಾದದಲ್ಲಿ ಬುದ್ಧಿ ನೆಲೆಗೊಂಡಿತು.

ಕನ್ನಡನಾಡಿನ ಗ್ರಂಥಪರಂಪರೆಗೆ ಈ ಸಂದರ್ಭ ವಿಶೇಷವಾದುದು. ಗೊಮ್ಮಟಸಾರವು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಚಾವುಂಡರಾಯನ ನಿಮಿತ್ತವಾಗಿ ರಚಿಸಿದ ಗ್ರಂಥ; ಗೊಮ್ಮಟನೆಂಬ ಅವನ ಹೆಸರನ್ನೇ ಅದು ಹೊತ್ತಿದೆ. ಅದರ ಮೇಲೆ ಕೇಶವವರ್ಣಿಯು ಶಕ 1281ರಲ್ಲಿ, ಕ್ರಿ.ಶ. 1359ರಲ್ಲಿ, ಕನ್ನಡದಲ್ಲಿ ವೃತ್ತಿಯನ್ನು ಬರೆದನು. ಅದನ್ನು ಆಧರಿಸಿ ಸಂಸ್ಕೃತ ಜೀವತತ್ತ್ವಪ್ರದೀಪಿಕೆ ಹುಟ್ಟಿತು. ಆ ಸಂಸ್ಕೃತದ ಆಧಾರದಿಂದ ಜಯಪುರದ ಪಂಡಿತ ಟೋಡರಮಲ್ಲನ ಸಮ್ಯಗ್ಜ್ಞಾನಚಂದ್ರಿಕೆ ವಿ.ಸಂ. 1818ರಲ್ಲಿ ಸಿದ್ಧವಾಯಿತು. ಗಂಗರ ಮಂತ್ರಿಯೂ ಸೇನಾಪತಿಯೂ ಆಗಿದ್ದು, ಕ್ರಿ.ಶ. 978ರಲ್ಲಿ ಕನ್ನಡ ಗದ್ಯದಲ್ಲಿ ಮಹಾಪುರಾಣವನ್ನು ಬರೆದ ಚಾವುಂಡರಾಯನು ವೃತ್ತಿಯನ್ನೂ ಗ್ರಂಥವನ್ನೂ ಒಟ್ಟಿಗೆ ಹೊತ್ತವನು. ಅಂಥವನಿಗಾಗಿ ಹುಟ್ಟಿದ ಗ್ರಂಥ ಆರೂವರೆ ಶತಮಾನಗಳ ಬಳಿಕ ಯಮುನೆಯ ದಡದಲ್ಲಿ ಒಬ್ಬ ವರ್ತಕಕವಿಯ ಗೊಂದಲವನ್ನು ಬಿಡಿಸಿತು.

ಗುಣಸ್ಥಾನಕ್ರಮವು ಈ ಪ್ರಶ್ನೆಗೆ ಹೇಗೆ ಉತ್ತರವಾಯಿತೆಂಬುದು ವಿಚಾರಣೀಯ. ನಾಲ್ಕನೆಯ ಗುಣಸ್ಥಾನದ ಅವಿರತಸಮ್ಯಗ್ದೃಷ್ಟಿಗೂ ಐದನೆಯ ದೇಶವಿರತನಿಗೂ ಗೃಹವಾಸವುಂಟು, ಅರ್ಥಾರ್ಜನೆಯುಂಟು. ಅಂತಹ ಗೃಹಸ್ಥನ ಗುಣಗಳನ್ನು ಎಣಿಸುವಾಗ 13ನೆಯ ಶತಮಾನದ ಆಶಾಧರಸೂರಿಯು ನ್ಯಾಯದಿಂದ ಗಳಿಸಿದ ಧನವನ್ನೇ ಸಾಗಾರಧರ್ಮಾಮೃತದಲ್ಲಿ ಮೊದಲು ಇಟ್ಟಿದ್ದಾನೆ. ಅಂಗಡಿಯು ಮೋಕ್ಷಮಾರ್ಗವಲ್ಲ, ಆದರೆ ಅಂಗಡಿಯಲ್ಲಿ ಕುಳಿತ ಮಾತ್ರಕ್ಕೆ ತತ್ತ್ವಶ್ರದ್ಧೆ ಕೆಡುವುದೂ ಇಲ್ಲ. ಹೀಗೆಯೇ ವಾಕ್ಕೂ ಸಹ: ಅದು ಬಿಡಬೇಕಾದುದಲ್ಲ, ಅದರ ವಿಷಯ ಶುದ್ಧವಾಗಬೇಕಾದುದು. ಹಿರಿಯರು ಇದೋ ಅದೋ ಎಂದು ಇಟ್ಟಿದ್ದ ಪ್ರಶ್ನೆ ಹೀಗೆ ಭೂಮಿಕೆಗಳ ಪ್ರಶ್ನೆಯಾಗಿ ಮಾರ್ಪಟ್ಟಿತು. ಮರುವರ್ಷವೇ, ವಿ.ಸಂ. 1693ರ ಆಶ್ವಯುಜ ಶುಕ್ಲ ತ್ರಯೋದಶಿಯಂದು, 727 ಪದ್ಯಗಳ 'ಸಮಯಸಾರ ನಾಟಕ' ಪೂರ್ಣವಾಯಿತು. ಅದರ ಅಂತ್ಯದಲ್ಲಿ ಕವಿ ಸ್ಮರಿಸುವ ರೂಪಚಂದ, ಚತುರ್ಭುಜ, ಭಗೌತೀದಾಸ, ಕುಂವರಪಾಲ, ಧರ್ಮದಾಸ ಎಂಬ ಐವರು ತತ್ತ್ವಚರ್ಚೆಯ ಸಂಗಾತಿಗಳು. ಈ ಕಾವ್ಯ ಬೆಳೆದದ್ದು ದಾನಿಯ ಅಪೇಕ್ಷೆಯಿಂದಲ್ಲ, ಗೃಹಸ್ಥಮಿತ್ರರ ಗೋಷ್ಠಿಯಿಂದ.

7. ರನ್ನನೊಡನೆ ಹೋಲಿಕೆ

ಚಾವುಂಡರಾಯನ ಹೆಸರು ಬಂದಾಗ ರನ್ನನು ನೆನಪಾಗುವುದು ಸಹಜ. ಮುದುವೊಳಲಿನ ಬಳೆಗಾರ ಕುಲದಲ್ಲಿ ಜಿನವಲ್ಲಭ ಮತ್ತು ಅಬ್ಬಲಬ್ಬೆಯರ ಮಗನಾಗಿ ಹುಟ್ಟಿದ ರನ್ನನೂ ಕುಲವೃತ್ತಿಯನ್ನು ಹಿಡಿಯಬೇಕಾದವನೇ. ಅವನು ಅದನ್ನು ಬಿಟ್ಟು ಅಜಿತಸೇನಾಚಾರ್ಯರಲ್ಲಿ ವಿದ್ಯೆ ಪಡೆದನು, ಚಾವುಂಡರಾಯನು ಪೊರೆದನು, ತೈಲಪನು ಕವಿಚಕ್ರವರ್ತಿ ಬಿರುದನ್ನಿತ್ತನು, ಕ್ರಿ.ಶ. 993ರಲ್ಲಿ ಅತ್ತಿಮಬ್ಬೆಯು ಅಜಿತಪುರಾಣವನ್ನು ಬರೆಯಿಸಿದಳು. ಅದೇ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿದವಳು. 10ನೆಯ ಶತಮಾನದ ಕನ್ನಡನಾಡಿನಲ್ಲಿ ಜೈನ ಅರಸರೂ ಮಂತ್ರಿಗಳೂ ದಾನಶೂರೆಯರೂ ಇದ್ದುದರಿಂದ ಬಳೆಗಾರನ ಮಗನು ಬಳೆಯ ಮಲಾರವನ್ನು ಇಳಿಸಿಯೂ ಬದುಕಬಹುದಾಗಿತ್ತು. 17ನೆಯ ಶತಮಾನದ ಆಗ್ರಾದಲ್ಲಿ ಅಂತಹ ವ್ಯವಸ್ಥೆ ಜೈನಕವಿಗೆ ಇರಲಿಲ್ಲ. ಆದುದರಿಂದ ರನ್ನನು ತೊರೆದುದನ್ನು ಬನಾರಸೀದಾಸನು ತೊರೆಯಲಿಲ್ಲವೆಂಬುದನ್ನು ಒಬ್ಬನ ಧೈರ್ಯ, ಇನ್ನೊಬ್ಬನ ಅಧೈರ್ಯ ಎಂದು ತೂಗುವುದು ಸರಿಯಲ್ಲ. ಆಯ್ಕೆಯು ವ್ಯಕ್ತಿಯದಾದರೂ ಆಯ್ಕೆಗೆ ಇರುವ ಅವಕಾಶ ಕಾಲದ್ದು.

8. ಉಳಿದದ್ದು ಮತ್ತು ಹೋದದ್ದು

ಹಸ್ತಪ್ರತಿಗಳ ದೃಷ್ಟಿಯಿಂದ ನೋಡಿದರೆ ಬನಾರಸೀದಾಸನ ಬಾಳಿನ ಆದಾಯವ್ಯಯ ಇನ್ನೊಂದು ರೀತಿಯಲ್ಲಿ ಕಾಣುತ್ತದೆ. ನವರಸದ ಪ್ರತಿ ಒಂದೇ ಇತ್ತು. ಅದು ನದಿಯ ಪಾಲಾಯಿತು. ಸಮಯಸಾರ ನಾಟಕವು ದಿಗಂಬರ ಶ್ವೇತಾಂಬರ ಎನ್ನದೆ ಉತ್ತರದೇಶದ ಶ್ರಾವಕರ ಮನೆಮನೆಗಳಲ್ಲಿ ಪ್ರತಿಯಾಗುತ್ತ ಹಬ್ಬಿತು. ಬಿಡಿಕೃತಿಗಳನ್ನು ಆಗ್ರಾದ ಜಗಜೀವನನು ವಿ.ಸಂ. 1701ರಲ್ಲಿ 'ಬನಾರಸೀವಿಲಾಸ' ಎಂದು ಸಂಕಲಿಸಿ ಉಳಿಸಿದನು. ಅರ್ಧಕಥಾನಕವು ಮಾತ್ರ ಬಹುಕಾಲ ಭಂಡಾರಗಳಲ್ಲಿಯೇ ಇದ್ದು, 1943ರಲ್ಲಿ ನಾಥೂರಾಮ ಪ್ರೇಮಿಯವರಿಂದಲೂ ಮಾತಾಪ್ರಸಾದ ಗುಪ್ತರಿಂದಲೂ ಬೇರೆ ಬೇರೆಯಾಗಿ ಸಂಪಾದಿತವಾಗಿ ಬೆಳಕು ಕಂಡಿತು. 1981ರಲ್ಲಿ ಮುಕುಂದ ಲಾಠರ ಇಂಗ್ಲಿಷ್ ಅನುವಾದ ಜಯಪುರದಿಂದ ಪ್ರಕಟವಾಯಿತು. ಶಾಸ್ತ್ರಗ್ರಂಥವನ್ನು ಪ್ರತಿಮಾಡಿಸುವುದು ಶಾಸ್ತ್ರದಾನ. ಒಬ್ಬ ವರ್ತಕನ ಸಾಲಸೋಲಗಳ ಕಥೆಯನ್ನು ಪ್ರತಿಮಾಡಿಸಲು ಅಂಥ ಪುಣ್ಯದ ಪ್ರೇರಣೆಯಿರಲಿಲ್ಲ.

ಕವಿ ತನ್ನನ್ನು ಸಿದ್ಧಪುರುಷನೆಂದು ತೋರಿಸಿಕೊಳ್ಳುವುದಿಲ್ಲ. ಮೂರು ವಿವಾಹಗಳಿಂದ ಹುಟ್ಟಿದ ಒಂಬತ್ತು ಮಕ್ಕಳೂ ತೀರಿಕೊಂಡರು. ಯಾವ ಸಂತತಿಯ ರಕ್ಷಣೆಗಾಗಿ ಹಿರಿಯರು ಅಂಗಡಿಯನ್ನು ಹಿಡಿಯಹೇಳಿದರೋ ಆ ಸಂತತಿಯೇ ನಿಲ್ಲಲಿಲ್ಲ. ಕೃತಿಯ ಕೊನೆಯಲ್ಲಿ ತನ್ನ ಗುಣದೋಷಗಳನ್ನು ಎಣಿಸುವಾಗ ಭಾಷಾಕವಿತೆಯ ಮತ್ತು ಅಧ್ಯಾತ್ಮದ ಪ್ರಾವೀಣ್ಯವನ್ನು ಗುಣದ ಕಡೆ ಬರೆಯುತ್ತಾನೆ. ಕ್ರೋಧ ಮಾನ ಮಾಯೆಗಳು ಅಲ್ಪವಾದರೂ ಲಕ್ಷ್ಮಿಯ ಮೋಹ ಮಾತ್ರ ಅಧಿಕವೆಂದು ದೋಷದ ಕಡೆ ಬರೆಯುತ್ತಾನೆ. ಸಮಯಸಾರ ನಾಟಕವನ್ನು ಬರೆದು ಐದು ವರ್ಷಗಳಾದ ಮೇಲೂ ಆ ಮೋಹ ಹೋಗಿರಲಿಲ್ಲವೆಂದು ಒಪ್ಪಿಕೊಳ್ಳುವುದು ಸಾಮಾನ್ಯವಾದ ಮಾತಲ್ಲ. ವಣಿಕನು ತನ್ನ ವಹಿಯಲ್ಲಿ ನಷ್ಟವನ್ನು ಮುಚ್ಚಿಟ್ಟರೆ ಅಂಗಡಿ ಉಳಿಯದು. ವಹಿಯ ಈ ಶಿಸ್ತನ್ನೇ ಅವನು ಆತ್ಮಚರಿತ್ರೆಗೆ ತಂದನು. ಕಚೌರಿಯ 14 ರೂಪಾಯಿಯಿಂದ ಹಿಡಿದು ಮನಸ್ಸಿನ ಕಷಾಯಗಳವರೆಗೆ ಲೆಕ್ಕವಿಟ್ಟವನ ಕೈ ಅಂಗಡಿಯಲ್ಲಿ ಪಳಗಿದ ಕೈ.

ಈ ಕಾರಣದಿಂದ ಬನಾರಸೀದಾಸನನ್ನು ವ್ಯಾಪಾರಕ್ಕಾಗಿ ಕಾವ್ಯವನ್ನು ತ್ಯಜಿಸಿದವನೆಂದಾಗಲಿ ಕಾವ್ಯಕ್ಕಾಗಿ ವ್ಯಾಪಾರವನ್ನು ಕೆಡಿಸಿಕೊಂಡವನೆಂದಾಗಲಿ ಹೇಳುವುದು ಉಚಿತವಲ್ಲ. ಅವನು ಸುಳ್ಳಾದ ಕಾವ್ಯವನ್ನು ತೊರೆದನು, ಕಾವ್ಯವನ್ನು ಉಳಿಸಿಕೊಂಡನು. ಅಂಗಡಿಯಲ್ಲಿ ಕುಳಿತನು, ಅಂಗಡಿ ಕೊಡಲಾರದ್ದನ್ನು ಗೋಷ್ಠಿಯಲ್ಲಿ ಅರಸಿದನು. ಇದಕ್ಕಾಗಿ ಅವನು ತೆತ್ತ ಬೆಲೆ ಅಲ್ಪವಾಗಿರಲಿಲ್ಲ. ವಿ.ಸಂ. 1700ರ ಸುಮಾರಿಗೆ ಅವನ ಆಯುಷ್ಯ ಮುಗಿಯಿತು. ಕಥೆಯ ಉಳಿದ ಅರ್ಧವನ್ನು ಬರೆಯುವ ಕಾಲ ಬರಲೇ ಇಲ್ಲ. ಕನ್ನಡದ ಭಂಡಾರಗಳಲ್ಲಿರುವ ಗೃಹಸ್ಥಕವಿಗಳ ಮತ್ತು ಲಿಪಿಕಾರರ ಪ್ರಶಸ್ತಿಗಳನ್ನು ಓದುವಾಗ ಕುಲ, ಗುರು, ಕಾಲಗಳ ಜೊತೆಗೆ ಆ ಕೈ ಹಗಲಿನಲ್ಲಿ ಏನು ದುಡಿಯುತ್ತಿತ್ತೆಂಬುದನ್ನೂ ಕೇಳಿಕೊಳ್ಳುವುದಕ್ಕೆ ಅರ್ಧಕಥಾನಕವು ದಾರಿ ತೋರಿಸುತ್ತದೆ.